ಮಕ್ಕಳ ಜೊತೆ ಶ್ರೀನಿವಾಸಪುರದ ಮಾವಿನ ತೋಟಕ್ಕೆ ಹೊರಡುವ ಮುನ್ನ

ಮಕ್ಕಳ ಕೈಯಲ್ಲಿ ಸೇಬು ಕೀಳಿಸುವ ಆಸೆಯಿದ್ದರೆ ಹಿಮಾಚಲಕ್ಕೋ ಕಾಶ್ಮೀರಕ್ಕೋ ಹೋಗಬೇಕು. ಅಲ್ಲಿನ ತಳಿಗಳು ಚೆನ್ನಾಗಿ ಹೂ ಬಿಡಲು ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು, ಬೆಂಗಳೂರಿನಲ್ಲಿ ಅದು ಸಿಗದು. ಒಂದೇ ದಿನದಲ್ಲಿ ಹೋಗಿ ಬರಲು ನಮಗಿರುವುದು ಮಾವು. ಹಳೆ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ, ಕೋಲಾರ ದಾಟಿದರೆ ಸುಮಾರು 100 ಕಿ.ಮೀ. ದೂರದಲ್ಲಿ ಶ್ರೀನಿವಾಸಪುರ.

ತಿಂಗಳು ತಪ್ಪಿದರೆ ಎಲ್ಲ ತಪ್ಪಿದಂತೆ. ಬೇಸಿಗೆ ರಜೆಯಲ್ಲೇ ಮುಗಿಸಬೇಕೆಂದರೆ ರಾಮನಗರ, ಚನ್ನಪಟ್ಟಣದ ಕಡೆ ಹೋಗಿ, ಅಲ್ಲಿ ಕೊಯ್ಲು ಬೇಗ. ಕೋಲಾರದ ಕಡೆ ಬಾದಾಮಿ, ರಸಪುರಿ ಮೇ ಕೊನೆಯಿಂದ ಜೂನ್ ನಡುವಿನವರೆಗೆ ಸಿಗುತ್ತವೆ. ಮಲ್ಲಿಕಾ, ತೋತಾಪುರಿ ಅವುಗಳ ಹಿಂದೆ ಬರುತ್ತವೆ, ನೀಲಂ ಎಲ್ಲಕ್ಕಿಂತ ತಡ. ಶಾಲೆ ಶುರುವಾದ ಮೇಲಿನ ಜೂನ್ ಮೊದಲ ಭಾನುವಾರಗಳೇ ಒಳ್ಳೆಯವು.

ತೋಟ ಗೊತ್ತುಮಾಡುವಾಗ ಮಾಲೀಕರನ್ನು ಮೊದಲು ಕೇಳಬೇಕಾದ್ದು, ಫಸಲನ್ನು ಗುತ್ತಿಗೆಗೆ ಕೊಟ್ಟಿದ್ದೀರಾ ಎಂದು. ಇಲ್ಲಿ ಎಷ್ಟೋ ತೋಟಗಳ ಫಸಲು ಹೂವು ಪಿಂದೆ ಇದ್ದಾಗಲೇ ವ್ಯಾಪಾರಿಗೆ ಹೋಗಿರುತ್ತದೆ. ಆಮೇಲೆ ಮಾಲೀಕರು "ಬನ್ನಿ" ಎಂದರೂ ಕಾವಲಿನವನು ಕಾಯಿ ಮುಟ್ಟಲು ಬಿಡುವುದಿಲ್ಲ, ಅದು ಅವನ ತಪ್ಪೂ ಅಲ್ಲ. ಎರಡನೆಯದು, ಔಷಧಿ ಕೊನೆಯ ಸಲ ಹೊಡೆದದ್ದು ಯಾವಾಗ ಎಂಬುದು. ಆ ವಾರವೇ ಹೊಡೆದಿದ್ದರೆ ಬೇರೆ ತೋಟ ನೋಡಿ, ಮಕ್ಕಳ ಕೈ ಕ್ಷಣಕ್ಕೊಮ್ಮೆ ಬಾಯಿಗೆ ಹೋಗುತ್ತಿರುತ್ತದೆ. ಪರಿಚಯದ ತೋಟವಿಲ್ಲದವರು ರಾಜ್ಯ ಮಾವು ಅಭಿವೃದ್ಧಿ ನಿಗಮವನ್ನು ವಿಚಾರಿಸಬಹುದು. ಸೀಸನ್ನಿನಲ್ಲಿ ಬೆಂಗಳೂರಿನಿಂದ ಬಸ್ಸಿನಲ್ಲಿ ತೋಟ ಪ್ರವಾಸ ಕರೆದೊಯ್ದ ಅನುಭವ ಅದಕ್ಕಿದೆ. ಇಂಥ ಪ್ರವಾಸದಲ್ಲಿ ಇಂತಿಷ್ಟು ಕೆ.ಜಿ. ಕೊಳ್ಳಲೇಬೇಕು ಎಂಬ ಷರತ್ತು ಇರಬಹುದು.

ಬೆಳಿಗ್ಗೆ ಆರಕ್ಕೇ ಮನೆ ಬಿಡಿ. ಕೆ.ಆರ್. ಪುರದ ಗಂಟಲು ದಾಟುವುದೇ ದೊಡ್ಡ ಕೆಲಸ. ಭಾನುವಾರದ ನಸುಕಿನಲ್ಲಿ ಹೊಸಕೋಟೆ ಬಿರಿಯಾನಿಗೆ ಸಾಲು ನಿಂತವರನ್ನು ನೋಡಿ ಆಸೆಪಡಬೇಡಿ, ಆ ಸಾಲಿನಲ್ಲೇ ತಂಪು ಹೊತ್ತು ಕಳೆದುಹೋಗುತ್ತದೆ. ಎಂಟೂವರೆಗೆ ತೋಟದಲ್ಲಿದ್ದು ಹನ್ನೊಂದರ ಒಳಗೆ ಮುಗಿಸಿದರೆ ಬಿಸಿಲೂ ಮಧ್ಯಾಹ್ನದ ಗುಡುಗು ಮಳೆಯೂ ತಪ್ಪುತ್ತವೆ. ಹಿಂದಿನ ರಾತ್ರಿ ಮಳೆಯಾಗಿದ್ದರೆ ಕಾರನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು ನಡೆಯಿರಿ, ಕೆಂಪು ಮಣ್ಣಿನಲ್ಲಿ ಚಕ್ರ ಹೂತರೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ. ಶೌಚಾಲಯ ಇರುತ್ತದೆಂದು ನಂಬಬೇಡಿ, ಕೋಲಾರದಲ್ಲೇ ಮುಗಿಸಿಕೊಳ್ಳಿ.

ತೋಟಕ್ಕೆ ಕಾಲಿಟ್ಟ ಕೂಡಲೇ ಕೃಷಿ ಹೊಂಡ ಎಲ್ಲಿದೆ ಎಂದು ಕೇಳಿ. ಹಾವು, ಇರುವೆಗಿಂತ ನಿಜವಾದ ಅಪಾಯ ಅದೇ. ನೀರು ಇಂಗದಿರಲೆಂದು ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದರ ಇಳಿಜಾರು ಒದ್ದೆಯಾದರೆ ಪಾಚಿ ಕಟ್ಟಿದ ಬಂಡೆಯಂತೆ, ಬಿದ್ದ ದೊಡ್ಡವರೂ ಮೇಲೆ ಹತ್ತಲಾರರು. ಸುತ್ತ ಬೇಲಿಯಿಲ್ಲದಿದ್ದರೆ ಮಕ್ಕಳನ್ನು ತೋಟದ ಆ ಬದಿಗೇ ಬಿಡಬೇಡಿ. ಒಬ್ಬ ದೊಡ್ಡವರಿಗೆ ಕಾಯಿ ಕೀಳುವ ಕೆಲಸ ಕೊಡದೆ ಮಕ್ಕಳ ಕಾವಲನ್ನಷ್ಟೇ ಒಪ್ಪಿಸಿ. ತರಗೆಲೆಯಲ್ಲಿ ಓಡಾಡಲು ಮುಚ್ಚಿದ ಶೂ ಬೇಕು. ಕೊಂಬೆಯಲ್ಲಿ ಎಲೆಗಳನ್ನು ಹೊಲಿದಂಥ ಗೂಡು ಕಂಡರೆ ಅದು ಕೆಂಪಿರುವೆಯದು, ಆ ಮರ ಬಿಟ್ಟುಬಿಡಿ.

ಮರದಲ್ಲಿ ಹಳದಿ ಹಣ್ಣು ತೂಗುತ್ತಿರುತ್ತದೆಂದು ಮಕ್ಕಳಿಗೆ ಹೇಳಿ ಕರೆದೊಯ್ದರೆ ಅಳು ಖಚಿತ. ಕೀಳುವುದು ಬಲಿತ ಹಸಿರು ಕಾಯಿ. ತೊಟ್ಟಿನ ಎರಡೂ ಬದಿ ಭುಜ ಉಬ್ಬಿ, ತೊಟ್ಟು ಕೂತ ಜಾಗ ತಗ್ಗಾಗಿದ್ದರೆ ಬಲಿತಿದೆ ಎಂದರ್ಥ. ಬಕೆಟ್ ನೀರಿನಲ್ಲಿ ಹಾಕಿದರೆ ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಐದು ವರ್ಷದವರಿಗೆ ಕೀಳುವುದಕ್ಕಿಂತ ಈ ಆಟವೇ ಹೆಚ್ಚು ಇಷ್ಟ. ಹಳೆಯ ಮರಗಳು ಎತ್ತರ, ಬಲೆ ಕಟ್ಟಿದ ದೋಟಿಯ ಭಾರ ಮಕ್ಕಳು ತಡೆಯಲಾರರು. ಹತ್ತಿರ ಹತ್ತಿರ ನೆಟ್ಟು ಕೊಂಬೆ ಸವರಿ ಬೆಳೆಸಿದ ಎಳೆಯ ತೋಟವಾದರೆ ಕಾಯಿ ಅವರ ಕೈಗೇ ಸಿಗುತ್ತದೆ. ಎಳೆದು ಕಿತ್ತರೆ ತೊಟ್ಟು ಬುಡದಲ್ಲೇ ಮುರಿದು ಸೊನೆ ಚಿಮ್ಮುತ್ತದೆ. ದೊಡ್ಡವರು ಎರಡು ಬೆರಳುದ್ದ ತೊಟ್ಟು ಬಿಟ್ಟು ಕತ್ತರಿಯಿಂದ ಕತ್ತರಿಸಲಿ, ಮಕ್ಕಳು ಕೆಳಗೆ ಕೈಯೊಡ್ಡಲಿ. ಮಾವು ಗೇರಿನದೇ ಕುಟುಂಬ. ಅದರ ಸೊನೆ ತಾಗಿದ ಎಳೆ ಚರ್ಮ ಕೆಂಪಾಗಿ ಬೊಬ್ಬೆ ಬರಬಹುದು. ತುಂಬುತೋಳಿನ ಹಳೆಯ ಅಂಗಿ ಹಾಕಿಸಿ, ಮುಖ ಮತ್ತು ಕೈಗೆ ಕೊಬ್ಬರಿ ಎಣ್ಣೆ ಸವರಿ. ಸೊನೆ ತಾಗಿದರೆ ಉಜ್ಜದೆ ತಕ್ಷಣ ಸೋಪು ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಬರೀ ನೀರು ಹಾಯಿಸುತ್ತಲೇ ಇದ್ದು ವೈದ್ಯರ ಬಳಿ ಹೋಗಿ. ಇದಕ್ಕೆಂದೇ ಹತ್ತು ಲೀಟರ್ ನೀರಿನ ಕ್ಯಾನ್ ಕಾರಿನಲ್ಲಿರಲಿ.

ನಾಲ್ವರ ಮನೆಗೆ 8 ಕೆ.ಜಿ. ಸಾಕು. ಬಾದಾಮಿಯಾದರೆ ಕೆ.ಜಿ.ಗೆ ಮೂರು ನಾಲ್ಕು ಕಾಯಿ ತೂಗುತ್ತವೆ. ಎಲ್ಲವನ್ನೂ ಒಂದೇ ತಳಿ ತಂದರೆ ಒಟ್ಟಿಗೇ ಹಣ್ಣಾಗಿ ಅರ್ಧ ಕೊಳೆಯುತ್ತವೆ, ಅರ್ಧ ಬಾದಾಮಿ ಅರ್ಧ ಮಲ್ಲಿಕಾ ಒಳ್ಳೆಯದು. ಕಿತ್ತ ಕಾಯಿಯ ತೊಟ್ಟನ್ನು ಗಿಡ್ಡ ಮಾಡಿ, ತಲೆಕೆಳಗಾಗಿ ಇಟ್ಟು ಸೊನೆ ಇಳಿಸಿ, ಇಲ್ಲವಾದರೆ ಸಿಪ್ಪೆ ಕಪ್ಪಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಮನೆಯಲ್ಲಿ ಹುಲ್ಲು ಅಥವಾ ಪೇಪರ್ ಹಾಸಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಎರಡು ಪದರಕ್ಕಿಂತ ಹೆಚ್ಚಾಗದಂತೆ ಜೋಡಿಸಿ. ಬಾದಾಮಿಗೆ ಸುಮಾರು ಒಂದು ವಾರ ಬೇಕು. ಹಣ್ಣಾಗುವ ಮೊದಲೇ ಫ್ರಿಜ್ಜಿಗೆ ಹಾಕಿದರೆ ಸಿಪ್ಪೆ ಕಂದಿ, ಆಮೇಲೆ ಎಷ್ಟು ದಿನ ಹೊರಗಿಟ್ಟರೂ ರುಚಿ ಬರುವುದಿಲ್ಲ. ದಿನಕ್ಕೊಮ್ಮೆ ನೋಡಿ, ತೊಟ್ಟಿನ ಬಳಿ ಕಪ್ಪು ಹರಡಿದ್ದನ್ನು ತೆಗೆದುಹಾಕಿ. ಒಂದು ವಾರ ಕಾಯಲಾರದ ಮಕ್ಕಳಿಗೆ ನಾಲ್ಕು ತೋತಾಪುರಿ ತನ್ನಿ. ಅದನ್ನು ತೊಳೆದು ಹೋಳು ಮಾಡಿ ಉಪ್ಪು, ಖಾರದಪುಡಿ ಹಚ್ಚಿ ಅವತ್ತೇ ತಿನ್ನಬಹುದು.