ಸ್ಕಾಟ್ಲೆಂಡಿನ ಜಿಂಕೆಗೆ ಯಾವ ತೋಟೆ?

ಸ್ಕಾಟ್ಲೆಂಡಿನಿಂದ ಮಡಿಕೇರಿಗೆ ಫೋನ್ ಮಾಡಿದಾಗಲೆಲ್ಲ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: "ಅಲ್ಲಿ ಜಿಂಕೆ ಹೊಡೆದ್ರೆ ಕೇಸ್ ಹಾಕಲ್ವಾ?" ಹಾಕುವುದಿಲ್ಲ. ಲೈಸೆನ್ಸ್ ಇರಬೇಕು, ಜಾಗದ ಮಾಲೀಕರ ಒಪ್ಪಿಗೆ ಇರಬೇಕು, ಹೆಣ್ಣಾದರೆ ಸೀಸನ್ ಇರಬೇಕು. ಗಂಡು ಜಿಂಕೆಗಿದ್ದ ನಿಷೇಧದ ಅವಧಿಯನ್ನು ಸ್ಕಾಟ್ಲೆಂಡ್ 2023ರ ಅಕ್ಟೋಬರಿನಲ್ಲಿ ತೆಗೆದೇಬಿಟ್ಟಿತು.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆಯ ತಂಟೆಗೆ ಹೋದರೆ ಜೈಲೇ ಗತಿ. ಅದು ಸರಿಯೂ ಹೌದು. ನಾಗರಹೊಳೆಯಲ್ಲಿ ಜಿಂಕೆಯ ಲೆಕ್ಕ ನೋಡಿಕೊಳ್ಳಲು ಹುಲಿ ಇದೆ, ಚಿರತೆ ಇದೆ, ಸೀಳುನಾಯಿ ಇದೆ. ಇಲ್ಲಿ ತೋಳ ಅಳಿದು ಶತಮಾನಗಳಾದವು. ಸ್ಕಾಟ್ಲೆಂಡ್ ಒಂದರಲ್ಲೇ ಹತ್ತು ಲಕ್ಷದವರೆಗೆ ಜಿಂಕೆ ಇರಬಹುದು ಎಂಬ ಅಂದಾಜಿದೆ. ನೆಟ್ಟ ಗಿಡದ ಚಿಗುರು ಉಳಿಯುವುದಿಲ್ಲ. ಹಾಗಾಗಿ ಇಲ್ಲಿ ಇದು ಶೋಕಿಯೂ ಹೌದು, ಕಾಡು ಉಳಿಸುವ ಕೆಲಸವೂ ಹೌದು, ಮಾಂಸದ ವ್ಯಾಪಾರವೂ ಹೌದು.

ಎರಡನೇ ಪ್ರಶ್ನೆ ನಮ್ಮ ಮಾವನವರದ್ದು. ಅವರಿಗೆ ಕೋವಿ ಗೊತ್ತು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, ಕೈಲ್‌ಪೊಳ್ದ್ ದಿನ ಮನೆಯಲ್ಲಿ ಕೋವಿಗೆ ಪೂಜೆಯೂ ಆಗುತ್ತದೆ. "ಯಾವ ತೋಟೆ ಹಾಕ್ತೀಯ? ಎಲ್‌ಜಿನಾ, ಎಸ್‌ಜಿನಾ?" ಎಂದು ಕೇಳಿದರು. ಅವು ಹಲವು ಕಾಳುಗಳ ಚರೆ ತೋಟೆ, ಅದರ ಮಾತೇ ಬೇರೆ ಮಾವ, ಇಲ್ಲಿ ಜಿಂಕೆಗೆ ರೈಫಲ್ ಎಂದೆ. ರೈಫಲ್ ಎಂದ ಮೇಲೆ ಅಂಗಡಿಯ ಕಪಾಟು ನೋಡಿದರೇ ತಲೆ ಕೆಡುತ್ತದೆ. .243, 6.5 ಕ್ರೀಡ್‌ಮೂರ್, 6.5×55 ಸ್ವೀಡಿಷ್, .270, .308, .30-06. ಇವೆಲ್ಲ ತೋಟೆಯ ಹೆಸರುಗಳು, ಮೊದಲ ಅಂಕಿ ಹೆಚ್ಚುಕಮ್ಮಿ ನಳಿಗೆಯ ಅಗಲ, ಇಂಚಿನಲ್ಲೋ ಮಿಲಿಮೀಟರಿನಲ್ಲೋ. ಒಂದೊಂದರಲ್ಲೂ ನಾಲ್ಕಾರು ತೂಕದ ಗುಂಡು. ಎಲ್ಲಕ್ಕೂ ಆಗುವಂಥದ್ದು ಒಂದೇ ಒಂದು ಬೇಕು ಎಂದರೆ ಯಾವುದು?

ಕಷ್ಟ ಇರುವುದು ಪ್ರಾಣಿಯ ಗಾತ್ರದಲ್ಲಿ. ಸ್ಕಾಟ್ಲೆಂಡಿನಲ್ಲಿ ನಾಲ್ಕು ಜಾತಿ ಜಿಂಕೆಗಳಿವೆ: ರೆಡ್, ರೋ, ಸೀಕಾ, ಫ್ಯಾಲೋ. ರೋ ದೊಡ್ಡದಾದರೂ 25 ಕೆ.ಜಿ. ಮೀರುವುದು ಅಪರೂಪ. ರೆಡ್ ಗಂಡು ನೂರು ಕೆ.ಜಿ. ದಾಟುತ್ತದೆ. ಇಂಗ್ಲೆಂಡಿಗೆ ಇಳಿದರೆ ಇನ್ನೂ ಚಿಕ್ಕದು ಸಿಗುತ್ತದೆ, ಮಂಟ್‌ಜಾಕ್. ನಮ್ಮ ಕಾಡುಕುರಿಯ ಚೀನಾ ದಾಯಾದಿ. ದೊಡ್ಡದಕ್ಕೆ ಸಾಲಬೇಕು, ಚಿಕ್ಕದರ ಮಾಂಸ ಹಾಳಾಗಬಾರದು.

ಅರ್ಧ ಆಯ್ಕೆಯನ್ನು ಕಾನೂನೇ ಮಾಡಿಬಿಡುತ್ತದೆ. ಇಲ್ಲಿನ ಆದೇಶ 1985ರದ್ದು. ರೋ ಬಿಟ್ಟು ಉಳಿದ ಜಿಂಕೆಗಳಿಗೆ ಗುಂಡು ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ 2,450 ಅಡಿಗೆ ಕಮ್ಮಿ ಇರಬಾರದು, ಶಕ್ತಿ 1,750 ಅಡಿ-ಪೌಂಡ್‌ಗೆ ಕಮ್ಮಿ ಇರಬಾರದು. ರೋಗೆ 1,000 ಅಡಿ-ಪೌಂಡ್, 50 ಗ್ರೇನ್ ಗುಂಡು ಸಾಕು, ವೇಗ ಮಾತ್ರ ಅಷ್ಟೇ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. 150 ಗ್ರೇನ್ ಗುಂಡಿಗೆ ಹತ್ತು ಗ್ರಾಂ ಹತ್ತಿರ ಹತ್ತಿರ. ಗುಂಡು ಒಳಹೊಕ್ಕ ಮೇಲೆ ಅರಳುವಂಥದ್ದೇ ಆಗಿರಬೇಕು. ಮಿಲಿಟರಿಯವರ ಪೂರ್ತಿ ಕವಚದ ಗುಂಡು ನಿಷಿದ್ಧ, ಏಕೆಂದರೆ ಅದು ಸಣ್ಣ ತೂತು ಮಾಡಿ ಆಚೆ ಹೋಗಿಬಿಡುತ್ತದೆ, ಪ್ರಾಣಿ ನರಳುತ್ತಾ ಓಡುತ್ತದೆ.

ಗಡಿ ದಾಟಿದರೆ ಲೆಕ್ಕ ಬದಲು. ಇಂಗ್ಲೆಂಡ್, ವೇಲ್ಸ್‌ನಲ್ಲಿ 1991ರ ಕಾಯ್ದೆ ಪ್ರಕಾರ ದೊಡ್ಡ ಜಿಂಕೆಗೆ ಕನಿಷ್ಠ .240 ಇಂಚಿನ ನಳಿಗೆ, 1,700 ಅಡಿ-ಪೌಂಡ್ ಬೇಕು. ರೋ ಕೂಡ ಅಲ್ಲಿ ಅದೇ ಪಟ್ಟಿಯಲ್ಲಿ. ಹಾಗಾಗಿ ಸ್ಕಾಟ್ಲೆಂಡಿನಲ್ಲಿ ರೋಗೆ ನಡೆಯುವ .223 ಅನ್ನು ಇಂಗ್ಲೆಂಡಿನಲ್ಲಿ ಅದೇ ರೋಗೆ ಬಳಸಿದರೆ ತಪ್ಪಾಗುತ್ತದೆ. ಎರಡೂ ಕಡೆ ತಿರುಗಾಡುವವರಿಗೆ .243ರಿಂದ ಮೇಲೆಯೇ ಯೋಚಿಸುವುದು ಸುಲಭ.

ಈಗ ಇಡೀ ಚರ್ಚೆಯನ್ನು ತಿರುಗಿಸಿರುವುದು ಸೀಸ. ಸೀಸದ ಗುಂಡು ಮೂಳೆಗೆ ತಾಗಿದಾಗ ಕಣ್ಣಿಗೆ ಕಾಣದಷ್ಟು ಚೂರುಗಳು ಮಾಂಸದೊಳಗೆ ಹರಡುತ್ತವೆ. ಗುಡ್ಡದ ಮೇಲೆ ಕರುಳು ತೆಗೆದು ಬಿಟ್ಟು ಬಂದರೆ ಅದನ್ನು ಹೊನ್ನ ಹದ್ದು, ಕಾಡುಕಾಗೆ ತಿನ್ನುತ್ತವೆ, ಸೀಸ ಅವುಗಳ ಹೊಟ್ಟೆಗೂ ಹೋಗುತ್ತದೆ. ಸೀಸದ ಗುಂಡಿಗೆ ಬಿದ್ದ ಜಿಂಕೆ ಬೇಡ ಎನ್ನುವ ಮಾಂಸದ ಡೀಲರ್‌ಗಳಿದ್ದಾರೆ. 2025ರ ಜುಲೈಯಲ್ಲಿ ಬ್ರಿಟನ್ ಸರ್ಕಾರ ಬೇಟೆಯ ಸೀಸದ ಚರೆ ಮತ್ತು ದೊಡ್ಡ ಗುಂಡುಗಳನ್ನು ನಿಲ್ಲಿಸುವುದಾಗಿ ಹೇಳಿತು. ಬದಲಾಯಿಸಿಕೊಳ್ಳಲು ಮೂರು ವರ್ಷದ ಸಮಯ. ಅಂದ ಮೇಲೆ ಇವತ್ತು ಹೊಸದಾಗಿ ರೈಫಲ್ ಕೊಳ್ಳುವವರು ಸೀಸದ ಬದಲಿಗೆ ಬರುವ ತಾಮ್ರದ ಗುಂಡಿಗೆ ಒಗ್ಗುವುದನ್ನೇ ಕೊಳ್ಳುವುದು ಬುದ್ಧಿವಂತಿಕೆ.

ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕ ಬೇಕೆಂದರೆ ಗುಂಡು ಉದ್ದ ಆಗುತ್ತದೆ. ಉದ್ದ ಗುಂಡು ನೇರವಾಗಿ ಹಾರಬೇಕಾದರೆ ಅದು ಜೋರಾಗಿ ತಿರುಗಬೇಕು, ನಳಿಗೆಯೊಳಗಿನ ಸುರುಳಿ ಗೀರು ಅಷ್ಟು ಬಿಗಿಯಾಗಿರಬೇಕು. ಬಹಳಷ್ಟು .243 ರೈಫಲ್‌ಗಳಲ್ಲಿ ಹತ್ತು ಇಂಚಿಗೆ ಒಂದು ಸುತ್ತು ಮಾತ್ರ. ಅದಕ್ಕೆ 100 ಗ್ರೇನ್ ತಾಮ್ರ ಒಗ್ಗುವುದಿಲ್ಲ, 80 ಗ್ರೇನ್ ಆರಾಮಾಗಿ ಒಗ್ಗುತ್ತದೆ. ಆದರೆ ಸ್ಕಾಟ್ಲೆಂಡಿನ ಕಾನೂನು ರೆಡ್ ಜಿಂಕೆಗೆ ಕನಿಷ್ಠ 100 ಗ್ರೇನ್ ಅನ್ನುತ್ತಿತ್ತು! .243 ಇದ್ದವರು ಅತ್ತ ದರಿ ಇತ್ತ ಪುಲಿ. 2023ರಲ್ಲಿ ಆ ಮಿತಿಯನ್ನು 80 ಗ್ರೇನ್‌ಗೆ ಇಳಿಸಿದ್ದು ಇದಕ್ಕೇ.

ಹಾಗಿದ್ದೂ ನನ್ನ ಓಟು .308ಗೆ, ಗುಂಡು 130ರಿಂದ 150 ಗ್ರೇನ್ ತಾಮ್ರ. ಮಾವನವರು "ಅಂದ್ರೆ ಹೆಚ್ಚುಕಮ್ಮಿ ನಮ್ಮ ಪೊಲೀಸರ ತ್ರೀ ನಾಟ್ ತ್ರೀನೇ ಅಲ್ವಾ" ಎಂದರು. ನಳಿಗೆಯ ಅಳತೆಯಲ್ಲಿ ಹೌದು. ತೋಟೆ ಬೇರೆ, ಒಂದರೊಳಗೆ ಇನ್ನೊಂದು ಕೂರುವುದಿಲ್ಲ. ಇದು 1952ರಲ್ಲಿ ಬಂದದ್ದು. ನಮ್ಮಲ್ಲಿ ಮೆಡಿಕಲ್ ಶಾಪಿಗೆ ಹೋದರೆ ಪ್ಯಾರಾಸಿಟಮಾಲ್ ಸಿಗುವಂತೆ ಇಲ್ಲಿ ಯಾವ ಅಂಗಡಿಗೆ ಹೋದರೂ .308 ಸಿಗುತ್ತದೆ. 150 ಗ್ರೇನ್ ಗುಂಡು ಸುಮಾರು 2,800 ಅಡಿ ವೇಗದಲ್ಲಿ ಹೊರಟರೆ ಶಕ್ತಿ 2,600 ಅಡಿ-ಪೌಂಡ್, ಕಾನೂನು ಕೇಳುವುದಕ್ಕಿಂತ ಎಷ್ಟೋ ಜಾಸ್ತಿ. 100 ಗಜಕ್ಕೆ ಒಂದಿಂಚು ಮೇಲೆ ಗುರಿ ಕೂರಿಸಿದರೆ 200 ಗಜದಲ್ಲಿ ಎರಡು ಇಂಚಿನಷ್ಟು ಕೆಳಗೆ ಬೀಳುತ್ತದೆ. ಅಷ್ಟರೊಳಗೆ ಲೆಕ್ಕ ಹಾಕುವ ಗೋಜೇ ಇಲ್ಲ, ಎದೆಗೆ ಹಿಡಿದು ಈಡು ಬಿಡಬಹುದು. ಅದಕ್ಕಿಂತ ದೂರ ಹೊಡೆಯುವುದು ನನಗಂತೂ ಇಷ್ಟವಿಲ್ಲ. ಹತ್ತಿರ ಹೋಗುವುದೇ ಇದರ ಮಜಾ, ಹೊಟ್ಟೆಯ ಮೇಲೆ ತೆವಳಿಕೊಂಡು, ಒದ್ದೆ ಬಟ್ಟೆಯಲ್ಲಿ.

ಜಾಸ್ತಿ ತೂಕ ಇದ್ದರೆ ಒಳ್ಳೆಯದಲ್ವಾ ಎನ್ನುವವರು ತುಂಬ ಜನ. 180 ಗ್ರೇನ್ ಬೇಡ. ಪೆಟ್ಟಿಗೆಯ ಮೇಲಿನ ವೇಗ ಸಾಮಾನ್ಯವಾಗಿ 24 ಇಂಚಿನ ನಳಿಗೆಯಲ್ಲಿ ಅಳೆದದ್ದು. ಸೈಲೆನ್ಸರ್ ಹಾಕಿದರೆ ಉದ್ದ ಆಗುತ್ತದೆಂದು ಇಲ್ಲಿ ತುಂಬ ಜನ 20 ಇಂಚಿನ ನಳಿಗೆ ಇಟ್ಟುಕೊಳ್ಳುತ್ತಾರೆ. ಭಾರದ ಗುಂಡು ಅದರಲ್ಲಿ 2,450ರ ಗೆರೆಗೆ ತೀರಾ ಹತ್ತಿರ ಬಂದುಬಿಡುತ್ತದೆ. ತಾಮ್ರಕ್ಕಂತೂ ವೇಗವೇ ಜೀವ. ವೇಗ ಕಮ್ಮಿಯಾದರೆ ಅದು ಅರಳುವುದೇ ಇಲ್ಲ. ತಾಮ್ರದಲ್ಲಿ ಒಂದು ಹೆಜ್ಜೆ ಹಗುರವೇ ಮೇಲು.

ತಾಮ್ರದ ಗುಂಡು ತೂಕ ಕಳೆದುಕೊಳ್ಳುವುದಿಲ್ಲ, ಹಾಗಾಗಿ ಬಹುತೇಕ ಆಚೆ ಬದಿಯಿಂದ ಹೊರಬರುತ್ತದೆ. ಪ್ರಾಣಿ ಹೆದರ್ ಪೊದೆಗಳಲ್ಲಿ ಸ್ವಲ್ಪ ದೂರ ಓಡಿದರೂ ರಕ್ತದ ಜಾಡು ಸಿಗುತ್ತದೆ, ನಾಯಿಗೂ ಸುಲಭ. ಆದರೆ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ಗುಡ್ಡದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತ ಜಿಂಕೆ ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟುಬಿಡಬೇಕು. ಇದರಲ್ಲಿ ನನಗೆ ಕಲಿಸಿದ ಇಲ್ಲಿನ ಹಿರಿಯ ಸ್ಟಾಕರ್ (ಹೊಂಚಿ ಜಿಂಕೆ ಹೊಡೆಯುವ ಬೇಟೆಗಾರ) ರಾಜಿಯಾಗುವವರೇ ಅಲ್ಲ.

ಕೊನೆಯ ಮಾತು ರೈಫಲ್‌ನದ್ದೇ. ಒಂದೇ ಕಂಪನಿಯ ಎರಡು .308 ರೈಫಲ್‌ಗಳಿಗೆ ಒಂದೇ ತೋಟೆ ರುಚಿಸದೆ ಇರಬಹುದು. ಎರಡು ಮೂರು ಬಗೆ ತಂದು, 100 ಗಜದಲ್ಲಿ ಕಾಗದಕ್ಕೆ ಹೊಡೆದು, ಯಾವುದರ ಗುಂಡುಗಳು ಒತ್ತೊತ್ತಾಗಿ ಬೀಳುತ್ತವೆ ಎಂದು ನೋಡಬೇಕು. ಸೀಸದಿಂದ ತಾಮ್ರಕ್ಕೆ ಬರುವವರು ಮೊದಲು ನಳಿಗೆಯನ್ನು ಚೆನ್ನಾಗಿ ಉಜ್ಜಿ ತೊಳೆಯಬೇಕು, ಇಲ್ಲದಿದ್ದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಒಗ್ಗಿದ್ದು ಸಿಕ್ಕಿತೆಂದರೆ ಅದೇ ಲಾಟ್ ನಂಬರಿನ ಪೆಟ್ಟಿಗೆಗಳನ್ನು ಕೊಳ್ಳಿ. ಮನಸ್ಸಿಗೆ ಬಂದಷ್ಟು ಕೊಳ್ಳಲು ಆಗುವುದಿಲ್ಲ ಅನ್ನಿ. ಒಮ್ಮೆಗೆ ಎಷ್ಟು ತೋಟೆ ಕೊಳ್ಳಬಹುದು, ಒಟ್ಟು ಎಷ್ಟು ಇಟ್ಟುಕೊಳ್ಳಬಹುದು ಎಂಬುದನ್ನು ಪೊಲೀಸರು ಕೊಟ್ಟ ಸರ್ಟಿಫಿಕೇಟಿನಲ್ಲೇ ಬರೆದಿರುತ್ತಾರೆ. ರೆಡ್ ಹೆಣ್ಣಿನ ಸೀಸನ್ ಅಕ್ಟೋಬರ್ 21ಕ್ಕೆ ತೆರೆಯುತ್ತದೆ. ಈ ಪರೀಕ್ಷೆಯನ್ನೆಲ್ಲ ಆಗಸ್ಟ್, ಸೆಪ್ಟೆಂಬರಿನಲ್ಲೇ ಮುಗಿಸಿಕೊಂಡರೆ ಅನುಕೂಲ. ಆಮೇಲೆ ಅಂಗಡಿಯಲ್ಲಿ ನಿಮಗೆ ಬೇಕಾದ ಲಾಟ್ ಉಳಿದಿರುತ್ತದೆ ಎಂಬ ಭರವಸೆ ಇಲ್ಲ.