ನೂರಿಪ್ಪತ್ತಾರನೇ ಬೀದಿಯಲ್ಲಿ ಮಿಲ್ಟ್ ಹಿಂಟನ್

ನ್ಯೂಜೆರ್ಸಿಯ ಅಕ್ಕನ ಮನೆಯಿಂದ ಓಡಾಡಿ ಲಿಬರ್ಟಿ ಪ್ರತಿಮೆ, ಟೈಮ್ಸ್ ಸ್ಕ್ವೇರ್ ಎಲ್ಲಾ ನೋಡಿದ್ದಾಯಿತು. ಬರೆಯಲೇಬೇಕು ಅನ್ನಿಸಿದ್ದು ಮಾತ್ರ ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯ ಪೂರ್ವ 126ನೇ ಬೀದಿಯ 17ನೇ ನಂಬರ್ ಮನೆಯ ಬಗ್ಗೆ.

1958ರ ಆಗಸ್ಟ್‌ನಲ್ಲಿ ಛಾಯಾಗ್ರಾಹಕ ಆರ್ಟ್ ಕೇನ್ ಈ ಮನೆಯ ಮುಂದೆ ಐವತ್ತಕ್ಕೂ ಹೆಚ್ಚು ಜಾಜ್ ಕಲಾವಿದರನ್ನು ಸೇರಿಸಿ ಫೋಟೋ ತೆಗೆದರು. ಜಾಜ್ ಕೇಳುವವರೆಲ್ಲ ನೋಡಿರುವ ಚಿತ್ರ ಅದು. ಪಿಯಾನೋ ವಾದಕ ಕೌಂಟ್ ಬೇಸಿ ಬೀದಿಯ ಮಕ್ಕಳ ಜೊತೆ ರಸ್ತೆಯಂಚಿನಲ್ಲಿ ಕೂತಿದ್ದಾರೆ. ಬಾಸ್ (ಆಳುದ್ದದ, ಕೆಳದನಿಯ ತಂತಿ ವಾದ್ಯ) ನುಡಿಸುವ ಮಿಲ್ಟ್ ಹಿಂಟನ್ ಕೂಡ ಗುಂಪಿನಲ್ಲಿದ್ದಾರೆ. ಅವತ್ತು ಅವರೂ ತಮ್ಮ ಕ್ಯಾಮೆರಾ ತಂದಿದ್ದರು. ಹೆಂಡತಿ ಮೋನಾ ಕೈಲಿ ಪುಟ್ಟ ಮೂವಿ ಕ್ಯಾಮೆರಾ ಇತ್ತು. ನನಗೆ ಕೇನ್ ಚಿತ್ರಕ್ಕಿಂತ ಈ ಗಂಡ ಹೆಂಡತಿ ತೆಗೆದದ್ದೇ ಜಾಸ್ತಿ ಇಷ್ಟ. ಅದರಲ್ಲಿ ಪೋಸ್ ಇಲ್ಲ, ಬರೀ ಸ್ನೇಹ ಇದೆ.

ಒಂದು ಮಾತು ಹೇಳಿಬಿಡುತ್ತೇನೆ. ಗೈಡ್ ಟೂರಿಗೆ ದುಡ್ಡು ಕಟ್ಟಬೇಡಿ. ನಾನು ಕಟ್ಟಿದ್ದ ಟೂರಿನವರು ತಡವಾಗಿ ಬಂದು, ಅಪೊಲೊ ಥಿಯೇಟರ್ ತೋರಿಸಿ, ‘ಮುಗೀತು’ ಅಂದರು. 126ನೇ ಬೀದಿ ಪಟ್ಟಿಯಲ್ಲಿದೆಯಲ್ಲ ಅಂದರೆ ಉತ್ತರವೇ ಇಲ್ಲ. ಈಗಲೂ ಸಿಟ್ಟು ಬರುತ್ತದೆ. ಲೆನಾಕ್ಸ್ ಅವೆನ್ಯೂದಲ್ಲಿ 2 ಅಥವಾ 3ನೇ ನಂಬರ್ ರೈಲಿಂದ 125ನೇ ಬೀದಿಗೆ ಇಳಿದರೆ ನಡೆದೇ ಹೋಗಬಹುದು. ಶನಿವಾರ, ಭಾನುವಾರ ರಿಪೇರಿಗೆ ರೈಲು ಬದಲಾಗುತ್ತಿರುತ್ತದೆ, ನೋಡಿಕೊಂಡು ಹೊರಡಿ.

ಲೈಬ್ರರಿಯಿಂದ ತಂದ ಹಿಂಟನ್ ಫೋಟೋ ಪುಸ್ತಕ ಹಿಡಿದು ಅಲ್ಲಿ ನಿಂತಿದ್ದೆ. ಪಕ್ಕದ ಮೆಟ್ಟಿಲ ಮೇಲಿದ್ದ ಹಿರಿಯರೊಬ್ಬರು ‘ಜಡ್ಜ್ ಪುಸ್ತಕ ಅಲ್ವಾ?’ ಅಂದರು. ಹಿಂಟನ್‌ಗೆ ಸಂಗೀತದವರು ಇಟ್ಟ ಹೆಸರು ಅದು. ಜಾಗ ಕೊಟ್ಟರು, ಕೂತೆ.

ಹಿಂಟನ್ ಹುಟ್ಟಿದ್ದು 1910ರಲ್ಲಿ, ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ. ಬೆಳೆದದ್ದು ಶಿಕಾಗೋದಲ್ಲಿ. ಮೊದಲು ಕಲಿತದ್ದು ಪಿಟೀಲು. ಮಾತಿನ ಸಿನಿಮಾ ಬಂದು ಥಿಯೇಟರ್‌ಗಳಲ್ಲಿ ಪಿಟೀಲಿನವರ ಕೆಲಸ ಹೋಯಿತು, ಅವರು ಬಾಸ್ ಹಿಡಿದರು. 1936ರಿಂದ ಹದಿನೈದು ವರ್ಷ ಗಾಯಕ ಕ್ಯಾಬ್ ಕ್ಯಾಲೊವೇ ಬ್ಯಾಂಡಿನಲ್ಲಿ ನುಡಿಸಿದರು. ಆ ಓಡಾಟದಲ್ಲೇ ಗೆಳೆಯರ ಫೋಟೋ ತೆಗೆಯುತ್ತಾ ಹೋದರು.

ಹಿರಿಯರು ಬೇಗ ಬೇಗ ಪುಟ ಮಗುಚಿ ಒಂದರ ಮೇಲೆ ಬೆರಳಿಟ್ಟರು. ಅಟ್ಲಾಂಟಾ ರೈಲು ನಿಲ್ದಾಣ, 1940ರ ಸುಮಾರು. ಬ್ಯಾಂಡಿನವರು ನಿಂತಿದ್ದಾರೆ. ಮೇಲೆ ಬೋರ್ಡು: ಕಪ್ಪು ಜನರ ಬಾಗಿಲು.

‘ಎಲ್ಲರೂ ಬೋರ್ಡು ನೋಡ್ತಾರೆ’ ಅಂದರು. ‘ನೀವು ಮನುಷ್ಯರನ್ನ ನೋಡಿ. ಹೇಗೆ ನಿಂತಿದ್ದಾರೆ ನೋಡಿ.’

ನೋಡಿದೆ. ಸುಮಾರು ಹೊತ್ತು ಇಬ್ಬರೂ ನೋಡಿದೆವು. ‘ಹೊರಗಿನ ಫೋಟೋದವನು ಬಂದಿದ್ದರೆ ಪಾಪದವರ ಚಿತ್ರ ಆಗ್ತಿತ್ತು. ಇವನೂ ಅದೇ ಬಾಗಿಲಲ್ಲಿ ಹೋಗಬೇಕಾದವನು’ ಅಂದರು. ಆಮೇಲೆ, ‘ನಿಮ್ಮ ದೇಶದಲ್ಲೂ ಇತ್ತಾ ಇಂಥದ್ದು?’ ಎಂದು ಕೇಳಿದರು. ದಲಿತರಿಗೆ ಬೇರೆ ಲೋಟ ಇಡುವ ಹಳ್ಳಿ ಚಹಾ ಅಂಗಡಿಗಳ ಬಗ್ಗೆ ಹೇಳಿದೆ. ‘ಅದನ್ನ ಯಾರಾದರೂ ಒಳಗಿನವರು ಫೋಟೋ ತೆಗೆದಿದ್ದಾರಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಂದಿನ ಪುಟಗಳಲ್ಲಿ ರೈಲಿನಲ್ಲಿ ನಿದ್ದೆ ಹೋದ ಗೆಳೆಯರು. 1959ರಲ್ಲಿ, ಕೊನೆಯ ರೆಕಾರ್ಡಿಂಗ್ ವೇಳೆಯ ಗಾಯಕಿ ಬಿಲ್ಲಿ ಹಾಲಿಡೇ. ಅಲ್ಲಿ ಬಾಸ್ ನುಡಿಸಿದವರೂ ಹಿಂಟನ್ನೇ. ಅಷ್ಟು ದಣಿದ ಮುಖವನ್ನು ಸುಮ್ನೆ ಯಾರಿಗೂ ತೋರಿಸುವುದಿಲ್ಲ ಅಲ್ವಾ? ವೇದಿಕೆಯಲ್ಲಿ ಬಾಸಿನವರನ್ನು ಯಾರೂ ಗಮನಿಸುವುದಿಲ್ಲ. ಆದರೆ ಜೊತೆಗಾರರು ಅವರನ್ನೇ ನಂಬಿ ನುಡಿಸುತ್ತಾರೆ. ಆ ನಂಬಿಕೆ ಈ ಮುಖಗಳಲ್ಲಿ ಕಾಣುತ್ತದೆ. 2000ದಲ್ಲಿ ತೀರಿಕೊಂಡ ಹಿಂಟನ್ ಎಂಥವರು ಅಂತ ನನಗೆ ತಿಳಿದದ್ದು ಅವರ ಮುಖದ ಫೋಟೋದಿಂದಲ್ಲ, ಅವರ ಕಡೆ ನೋಡುತ್ತಿರುವ ಈ ಗೆಳೆಯರಿಂದ.

ಅವರ ನಾಲ್ಕು ಬಾಸ್‌ಗಳು, ಕಾಗದಪತ್ರಗಳು ಈಗ ಒಹಾಯೋದ ಓಬರ್ಲಿನ್ ಕಾಲೇಜಿನಲ್ಲಿವೆ. ನ್ಯೂಜೆರ್ಸಿಯಿಂದ ಕಾರಿನಲ್ಲಿ ಏಳೆಂಟು ಗಂಟೆ. ಮುಂದಿನ ಸಲ ಅಲ್ಲಿಗೇ ಹೋಗೋಣ ಎಂದು ಅಕ್ಕ ಭಾವನಿಗೆ ಈಗಲೇ ಹೇಳಿಟ್ಟಿದ್ದೇನೆ.