ದೋಣಿಗೆ ಏಡಿ ಕಾಲು ಯಾಕೆ ಅಕ್ಕೋರೇ?

ಕಾರವಾರದ ನಮ್ಮ ಶಾಲೆಗೆ ಬರುವ ಪಾಲಕರು ಮಕ್ಕಳ ಚಿತ್ರ ನೋಡಿ ಕೇಳುವುದು ಒಂದೇ: "ಅಕ್ಕೋರೇ, ಕಂಡದ್ದನ್ನು ಕಂಡ ಹಾಗೆ ಕಲಿಸೋದು ಬಿಟ್ಟು, ಇಲ್ಲದ್ದನ್ನೆಲ್ಲ ಯಾಕೆ ಬರೆಸ್ತೀರಿ?"

ಸುಮ್ನೆ "ಬೇಕಾದ್ದು ಬರೆಯಿರಿ" ಎಂದು ಹಾಳೆ ಕೊಟ್ಟೂ ನೋಡಿದ್ದೇನೆ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ, ಪಕ್ಕದಲ್ಲಿ ತೆಂಗಿನಮರ. ಎಲ್ಲರ ಹಾಳೆಯಲ್ಲೂ ಅದೇ. ಕಿಟಕಿಯಾಚೆ ಕಡಲಿದೆ, ಅದನ್ನು ಒಬ್ಬರೂ ಬರೆದಿರಲಿಲ್ಲ. ಕೈಗೆ ಬಾಯಿಪಾಠವಾದ ಚಿತ್ರ ಅದು.

ಆಮೇಲೆ ಸರ್ರಿಯಲಿಸಂ ಕಲಾವಿದರ ಒಂದು ಆಟ ತಂದೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಕವಿ ಆಂದ್ರೆ ಬ್ರೆಟನ್ ಈ ಪಂಥದ ಪ್ರಣಾಳಿಕೆ ಹೊರತಂದರು. ಕನಸಿನಲ್ಲಿ ಎಲ್ಲಿಯದೋ ಎಲ್ಲಿಗೋ ಬಂದು ಕೂಡುತ್ತದಲ್ಲ, ಆ ಶಕ್ತಿಯ ಬೆನ್ನು ಹತ್ತಿದವರು ಅವರು. ಅವರ ಬಳಗದ ಆಟ ಬಹಳ ಸರಳ. ಹಾಳೆಯನ್ನು ಮೂರು ಮಡಿಕೆ ಮಾಡಬೇಕು. ಒಬ್ಬರು ತಲೆ ಬರೆದು, ಕುತ್ತಿಗೆಯ ಎರಡು ಗೆರೆ ಮಾತ್ರ ಕೆಳಗಿಳಿಸಿ, ಮಡಚಿ ಕೊಡುತ್ತಾರೆ. ಇನ್ನೊಬ್ಬರು ಮೈ, ಮತ್ತೊಬ್ಬರು ಕಾಲು. ಇಣುಕುವ ಹಾಗಿಲ್ಲ.

ಐದನೇ ತರಗತಿಯಲ್ಲಿ ಒಂದು ಹಾಳೆ ಬಿಚ್ಚಿದೆವು. ಮೇಲೆ ಯಕ್ಷಗಾನದ ಕಿರೀಟ, ನಡುವೆ ದೋಣಿ, ಕೆಳಗೆ ಏಡಿ ಕಾಲು. ಎಲ್ಲರೂ ಕೇಕೆ ಹಾಕಿದರು. ಒಬ್ಬಳು ಮಾತ್ರ ಎಣಿಸಿ, "ಎಂಟು ಸಾಕು, ಹತ್ತು ಬರೆದಿದ್ದೀ" ಎಂದಳು.

"ಮುಂದೆ ಕಚ್ಚೋ ಎರಡು ಬೇಡ್ವಾ?" ಎಂದ ಕಾಲು ಬರೆದ ಹುಡುಗ. "ಅಪ್ಪನ ಬಲೆಯಲ್ಲಿ ದಿನಾ ನೋಡ್ತೇನೆ."

ಹತ್ತಿರ ಹಿಡಿದು ನೋಡಿದೆ. ಕೊನೆಯ ಜೋಡಿ ಕಾಲಿನ ತುದಿಯನ್ನು ಚಪ್ಪಟೆ ಮಾಡಿದ್ದ, ದೋಣಿಯ ಹುಟ್ಟಿನ ಹಾಗೆ. ನಮ್ಮ ಕಡಲಿನ ಈಜುವ ಏಡಿಗಳಿಗೆ ಹಾಗೇ ಇರುತ್ತದೆ. ಮೇಲೆ ದೋಣಿ ಇದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ!

ನನ್ನ ಉತ್ತರ ಆ ಕಾಲುಗಳಲ್ಲೇ ಇದೆ. ಇಂಥ ಚಿತ್ರಕ್ಕೆ ಜಾಸ್ತಿ ನೋಡಬೇಕಾಗುತ್ತದೆ, ಕಡಿಮೆ ಅಲ್ಲ. ಅದೇ ಪಂಥದ ಕಲಾವಿದ ರೆನೆ ಮ್ಯಾಗ್ರಿಟ್ 1938ರ ಒಂದು ಚಿತ್ರದಲ್ಲಿ ಚಳಿ ಕಾಯಿಸುವ ಒಲೆಯ ಗೂಡಿನಿಂದ ರೈಲಿನ ಎಂಜಿನ್ ಹೊರಬರುವ ಹಾಗೆ ಬರೆದರು. ಎಂಜಿನ್ ಥೇಟ್ ಎಂಜಿನ್ನೇ, ಗೋಡೆ ಗೋಡೆಯೇ. ಅದಕ್ಕೇ ಮೈ ಜುಂ ಅನ್ನುತ್ತದೆ.

ಮುಂದಿನ ವಾರ ಉಜ್ಜುವ ಚಿತ್ರ. 1925ರಲ್ಲಿ ಫ್ರಾನ್ಸಿನ ಕಡಲದಂಡೆಯ ವಸತಿಗೃಹವೊಂದರಲ್ಲಿ ಅದೇ ಬಳಗದ ಮ್ಯಾಕ್ಸ್ ಅರ್ನ್ಸ್ಟ್ ಸವೆದ ಮರದ ನೆಲದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ಆ ಗೆರೆಗಳಲ್ಲಿ ಕಾಡು, ಹಕ್ಕಿ ಹುಡುಕುವುದು ಅಲ್ಲಿಂದ ಶುರುವಾಯಿತು. ನಮಗೆ ಹಲಸಿನ ಎಲೆ, ಕಪ್ಪೆಚಿಪ್ಪು ಸಿಕ್ಕಿವೆ. ಮನೆಯಲ್ಲಿ ಹರಿದ ಬಲೆಯ ತುಂಡಿದ್ದರೆ ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿ.